ಒಂದೇ ಮನೆಯ ಅಣ್ಣ ತಮ್ಮ: ನಾಲ್ಕು ವರ್ಷ ಬಳಸಿದ ಎರಡು ಪಾನಾ ಸೆಟ್

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರುವಾದರೆ ನನಗೆ ಊಟಕ್ಕೂ ಬಿಡುವಿರುವುದಿಲ್ಲ. ಖಾರ ಕುಟ್ಟುವ ಮಷೀನು, ಹಿಟ್ಟಿನ ಗಿರಣಿ, ಅವುಗಳ ಮೋಟಾರು, ಪುಲ್ಲಿ, ಬೇರಿಂಗು, ಇವೇ ನನ್ನ ಕೆಲಸ. ಕುಟ್ಟುವ ಮಷೀನು ಬೆಳಗಿನಿಂದ ರಾತ್ರಿವರೆಗೆ ದಬದಬ ಬಡಿಯುತ್ತಲೇ ಇರುತ್ತದೆ. ಎಷ್ಟೇ ಬಿಗಿ ಮಾಡಿದರೂ ನಟ್ಟು ಸಡಿಲಾಗುತ್ತವೆ. ದಿನಕ್ಕೆ ಮೂವತ್ತು ನಲವತ್ತು ಸಲ ಪಾನಾ ಕೈಗೆ ಬರುತ್ತದೆ. ಸ್ಪ್ಯಾನರ್‌ಗೆ ನಮ್ಮ ಕಡೆ ಪಾನಾ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ.

2021ರಲ್ಲಿ ಹುಬ್ಬಳ್ಳಿಗೆ ಹೋಗಿ ಒಂದು ದುಬಾರಿ ಸೆಟ್ ತಂದೆ. ಅರ್ಧ ಇಂಚಿನ ರ‍್ಯಾಚೆಟ್, ಸಾಕೆಟ್‌ಗಳು, 8ರಿಂದ 24 ಎಂಎಂವರೆಗೆ ಪಾನಾ, ಒಂದು ಕಟಿಂಗ್ ಪ್ಲಯರ್, ನಾಲ್ಕು ಸ್ಕ್ರೂ ಡ್ರೈವರ್. ಸಾಕೆಟ್ ಅಂದರೆ ಬೋಲ್ಟಿನ ತಲೆಗೆ ಟೋಪಿಯ ಹಾಗೆ ಕೂರುವ ತುಂಡು. ಅದನ್ನು ಸಿಕ್ಕಿಸಿ ತಿರುಗಿಸುವ ಹಿಡಿಯೇ ರ‍್ಯಾಚೆಟ್, ಒಳಗಿನ ಹಲ್ಲಿನಿಂದ ಒಂದು ಕಡೆ ಮಾತ್ರ ಹಿಡಿಯುತ್ತದೆ, ಹಿಂದಕ್ಕೆ ಸುಮ್ಮನೆ ತಿರುಗುತ್ತದೆ. ಮುಂದಿನ ವರ್ಷ ಕೆಲಸಕ್ಕೆ ಒಬ್ಬ ಹುಡುಗ ಸೇರಿದ. ಅವನಿಗೆ ಅಂತ ಬೇರೆ ಹೆಸರಿನ ಅಗ್ಗದ ಸೆಟ್ ತಂದೆ. ಹೆಚ್ಚೂಕಡಿಮೆ ಅವೇ ಸಾಮಾನು, ಆದರೆ ಬೆಲೆ ಮೂರನೇ ಒಂದು ಪಾಲು. ಮನೆಗೆ ಬಂದು ಪ್ಯಾಕೆಟ್ ತಿರುಗಿಸಿದಾಗ ಗೊತ್ತಾಯಿತು, ಎರಡರ ಹಿಂದೆಯೂ ಆಮದು ಮಾಡಿದ ಕಂಪನಿಯ ಹೆಸರು ವಿಳಾಸ ಒಂದೇ. ಒಂದೇ ಮನೆಯ ಅಣ್ಣ ತಮ್ಮ. ಅವತ್ತಿನಿಂದ ಅಂಗಡಿಯಲ್ಲಿ ಅವಕ್ಕೆ ಅದೇ ಹೆಸರು. "ಅಣ್ಣನ್ನ ಕೊಡೋ", "ತಮ್ಮನ್ನ ತಗೊಂಡ್ ಬಾ" ಅಂತೇವೆ. ಬ್ರ್ಯಾಂಡ್ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ಕೈಗೆ ಬಂದ ಒಂದೊಂದು ಪೀಸ್ ನೋಡಿ ಇಡೀ ಕಂಪನಿಗೆ ಹೆಸರಿಡುವುದು ಸರಿಯಲ್ಲ.

ಇದು ಒಂದು ಕಂಪನಿಯ ಕಥೆಯೂ ಅಲ್ಲ. ಉಪಕರಣ ಮಾಡುವ ದೊಡ್ಡ ಕಂಪನಿಗಳಾದ ಸ್ಟ್ಯಾನ್ಲಿ ಮತ್ತು ಬ್ಲ್ಯಾಕ್ ಅಂಡ್ ಡೆಕರ್ 2010ರಲ್ಲಿ ಒಂದಾದವು. ಡಿವಾಲ್ಟ್ ಅದಕ್ಕೂ ಮೊದಲೇ, 1960ರಲ್ಲೇ, ಬ್ಲ್ಯಾಕ್ ಅಂಡ್ ಡೆಕರ್ ಕೈ ಸೇರಿತ್ತು. 2017ರಲ್ಲಿ ಇರ್ವಿನ್, ಲೆನಾಕ್ಸ್ ಕೂಡ ಅದೇ ಮನೆಗೆ ಬಂದವು. ಫ್ರಾನ್ಸಿನ ಫಾಕೊಮ್ ಕೂಡ ಅಲ್ಲೇ ಇದೆ. ಅಮೆರಿಕದ ಸ್ನ್ಯಾಪ್‌ಆನ್ 1999ರಲ್ಲಿ ಸ್ವೀಡನ್ನಿನ ಬಾಕೋ ತೆಗೆದುಕೊಂಡಿತು. ಅದೇ ಸ್ನ್ಯಾಪ್‌ಆನ್ ಬ್ಲೂಪಾಯಿಂಟ್ ಅನ್ನುವ ಕಡಿಮೆ ಬೆಲೆಯ ಹೆಸರಲ್ಲೂ ಮಾರುತ್ತದೆ. ಹಾಗಾಗಿ ಅಂಗಡಿಯಲ್ಲಿ "ಎರಡೂ ಒಂದೇ ಕಂಪನೀದು ರೀ, ಸುಮ್ನೆ ಯಾಕ್ ಜಾಸ್ತಿ ಕೊಡ್ತೀರಿ" ಅಂದರೆ ಅರ್ಧ ಮಾತ್ರ ನಿಜ. ಮಾಲೀಕ ಒಬ್ಬನೇ ಆದ ಮಾತ್ರಕ್ಕೆ ಕಾರ್ಖಾನೆ ಒಂದೇ ಆಗಬೇಕಿಲ್ಲ. ಉಕ್ಕು, ಅದನ್ನು ಕಾಯಿಸಿ ಹದ ಮಾಡುವ ರೀತಿ, ಅಳತೆಯ ಬಿಗಿ, ಇವು ಆ ಬೆಲೆಗೆ ತಕ್ಕಂತೆ ಬೇರೆ ಬೇರೆ ಇರಬಹುದು.

ಈಗ ಪಾನಾ ವಿಷಯಕ್ಕೆ ಬರೋಣ. ಇಲ್ಲಿ ತಮ್ಮ ನನಗೆ ನಿಜವಾಗಿ ಆಶ್ಚರ್ಯ ತಂದ. ಎರಡರ ಮೇಲೂ ಕ್ರೋಮ್ ವೆನೇಡಿಯಂ ಅಂತ ಉಕ್ಕಿನ ಹೆಸರು ಒತ್ತಿದ್ದಾರೆ. 19ರ ಪಾನಾದ ತೆರೆದ ಬಾಯಿಗೆ ವರ್ನಿಯರ್, ಅಂದರೆ ಸೂಕ್ಷ್ಮ ಅಳತೆಯ ಸಾಧನ, ಹಿಡಿದು ನೋಡಿದೆ. ಅಣ್ಣ 19.1, ತಮ್ಮ 19.3. ಎರಡೂ ನಡೆಯುವ ಅಳತೆಯೇ. ಹೊಸ ಬೋಲ್ಟಿನ ಮೇಲೆ ತಮ್ಮ ಸ್ವಲ್ಪ ಅಲುಗಾಡುತ್ತದೆ, ಅಷ್ಟೇ. ಬೋಲ್ಟನ್ನು ಸುತ್ತಲೂ ಹಿಡಿಯುವ ರಿಂಗ್ ಕಡೆಯಿಂದ ಹಿಡಿದರೆ ಅದೂ ಗೊತ್ತಾಗುವುದಿಲ್ಲ. ಮೂರು ಸೀಸನ್ ಆದ ಮೇಲೂ ತಮ್ಮನ ರಿಂಗ್ ಒಂದೂ ಬಿರಿದಿಲ್ಲ. ಅಲ್ಲಲ್ಲಿ ಮೇಲಿನ ಹೊಳಪು ಎದ್ದಿದೆ, ಕೆಲಸಕ್ಕೆ ಅಡ್ಡಿ ಇಲ್ಲ. ಪಾನಾ ಅಂದರೆ ಒಂದೇ ತುಂಡು ಉಕ್ಕು. ಅದರಲ್ಲಿ ತಿರುಗುವುದು, ಸವೆಯುವುದು ಏನೂ ಇಲ್ಲ. ಅಚ್ಚಿನಲ್ಲಿ ಬಡಿದು ಸರಿಯಾಗಿ ಹದ ಮಾಡಿದ್ದರೆ ಸಾಕು. ಇದಕ್ಕೆ ಮೂರು ಪಟ್ಟು ಹಣ ಕೊಡಬೇಕಾಗಿರಲಿಲ್ಲ ಅಂತ ಈಗ ನನಗೆ ಅನಿಸುತ್ತದೆ.

ಸಾಕೆಟ್‌ನಲ್ಲಿ ಬ್ರ್ಯಾಂಡ್‌ಗಿಂತ ಒಳಗಿನ ಮೂಲೆಗಳ ಲೆಕ್ಕ ದೊಡ್ಡದು. ತಮ್ಮನ ಸೆಟ್ಟಿನಲ್ಲಿ 12 ಮೂಲೆಯ ಸಾಕೆಟ್ ಬಂದಿದ್ದವು, ಅಣ್ಣನದರಲ್ಲಿ 6 ಮೂಲೆ. ತುಕ್ಕು ಹಿಡಿದ ಹಳೇ ಬೋಲ್ಟಿಗೆ 12 ಮೂಲೆ ಹಾಕಿದರೆ ಹಿಡಿತ ಮೂಲೆಯ ತುದಿಗೆ ಬೀಳುತ್ತದೆ, ತಲೆ ಉರುಟಾಗುತ್ತದೆ. 6 ಮೂಲೆಯದು ಬದಿಯನ್ನು ಜಾಸ್ತಿ ಹಿಡಿಯುತ್ತದೆ. ಒಂದು ಗಿರಣಿಯ ಮೋಟಾರ್ ಬೆಡ್ಡಿನ ಬೋಲ್ಟು ಹೀಗೇ ಉರುಟಾಯಿತು. ಹುಡುಗ "ಕಾಕಾ, ಜಾರಾಕತ್ತೈತಿ" ಅಂತ ಕೂಗಿದ, ನಾನು ಹೋಗುವಷ್ಟರಲ್ಲಿ ಮೂಲೆಗಳೇ ಇರಲಿಲ್ಲ. ಉಳಿ ಇಟ್ಟು ಹೊಡೆದು ತೆಗೆಯಲು ಒಂದೂವರೆ ಗಂಟೆ ಹೋಯಿತು, ಹೊರಗೆ ಕುಟ್ಟಿಸಲು ಬಂದವರು ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಆಮೇಲೆ ತಮ್ಮನ ಬ್ರ್ಯಾಂಡಿನಲ್ಲೇ 6 ಮೂಲೆಯ ಬಿಡಿ ಸಾಕೆಟ್ 13, 17, 19 ತಂದೆ. ಅವು ಇವತ್ತಿಗೂ ಚೆನ್ನಾಗಿವೆ.

ರ‍್ಯಾಚೆಟ್‌ನಲ್ಲಿ ಮಾತ್ರ ಅಣ್ಣ ತಮ್ಮ ದಾರಿ ಬೇರೆಯಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಣ್ಣನ ರ‍್ಯಾಚೆಟ್ 72 ಹಲ್ಲಿನದು. ಅಂದರೆ 5 ಡಿಗ್ರಿ ತಿರುಗಿಸಿದರೆ ಸಾಕು, ಮುಂದಿನ ಹಲ್ಲು ಹಿಡಿಯುತ್ತದೆ. ತಮ್ಮನದು 24 ಹಲ್ಲು, 15 ಡಿಗ್ರಿ ಬೇಕು. ಬಯಲಿನಲ್ಲಿ ಇದು ದೊಡ್ಡ ವಿಷಯವಲ್ಲ. ಆದರೆ ಕುಟ್ಟುವ ಮಷೀನಿನ ಪುಲ್ಲಿಯ ಹಿಂದೆ, ಗೋಡೆಗೂ ಕಬ್ಬಿಣದ ಕಾಲಿಗೂ ನಡುವೆ ಕೈ ತೂರಿಸಿದಾಗ 15 ಡಿಗ್ರಿಗೆ ಜಾಗವೇ ಸಿಗುವುದಿಲ್ಲ. ಅಲ್ಲಿ ತಮ್ಮನ ರ‍್ಯಾಚೆಟ್ ಬದಿಗಿಟ್ಟು ರಿಂಗ್ ಪಾನಾ ಹಿಡಿಯಬೇಕು.

ಇನ್ನೊಂದು ಕಡೆ, ನಮ್ಮೂರಿನ ಖಾರದ ಪುಡಿ ಸಣ್ಣ ಹಲ್ಲಿಗೆ ಶತ್ರು. ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಅಣ್ಣನ ರ‍್ಯಾಚೆಟ್ ಎರಡೂ ಕಡೆ ಬಿಗಿಯಾಗಿ ತಿರುಗಲು ಶುರುವಾಯಿತು. ಹಿಂದಿನ ಸ್ಕ್ರೂ ಬಿಚ್ಚಿ ತೆಗೆದು ನೋಡಿದೆ. ಒಳಗೆ ಗ್ರೀಸ್ ಪೂರ್ತಿ ಕೆಂಪಾಗಿತ್ತು, ಹಲ್ಲುಗಳ ಸಂದಿಯಲ್ಲಿ ಖಾರದ ಪುಡಿ ಚಟ್ನಿಯ ಹಾಗೆ ಗಟ್ಟಿಯಾಗಿ ಕುಳಿತಿತ್ತು. ಹಲ್ಲು ಹಿಡಿಯುವ ಆ ಸಣ್ಣ ತುಂಡು, ನಾಯಿ ಅಂತಾರಲ್ಲ, ಅದು ಕೆಳಗೆ ಇಳಿಯಲಾರದೆ ಮೇಲೆಯೇ ನಿಂತಿತ್ತು. ಹಳೇ ಬ್ರಷ್ಷಿನಲ್ಲಿ ಡೀಸೆಲ್ ಹಾಕಿ ತೊಳೆದೆ, ಒಣಗಿಸಿದೆ, ಗ್ರೀಸ್ ಬದಲು ತೆಳು ಎಣ್ಣೆ ಬಿಟ್ಟೆ. ಹೊಸದರ ಹಾಗಾಯಿತು. ಈಗ ತಿಂಗಳಿಗೊಮ್ಮೆ ಇದೇ ಕೆಲಸ ಮಾಡುತ್ತೇನೆ, ಇಪ್ಪತ್ತು ನಿಮಿಷ ಸಾಕು.

ತಮ್ಮನ 24 ಹಲ್ಲಿಗೆ ಪುಡಿಯ ತೊಂದರೆ ಅಷ್ಟಾಗಿ ಬರಲಿಲ್ಲ, ಹಲ್ಲು ದೊಡ್ಡವಲ್ವಾ. ಆದರೆ ಎರಡನೇ ಸೀಸನ್ನಿನಲ್ಲಿ ಜೋರು ಹಾಕಿದಾಗ ಟಕ್ ಅಂತ ಜಾರತೊಡಗಿತು. ಅದನ್ನೂ ತೆರೆಯಲು ನೋಡಿದೆ, ರಿವಿಟ್ ಹೊಡೆದು ಮುಚ್ಚಿದ್ದರು. ಬಿಡಿ ಭಾಗ ಸಿಗುವ ಮಾತೇ ಇರಲಿಲ್ಲ. ಗುಜರಿಗೆ ಹೋಯಿತು. ರ‍್ಯಾಚೆಟ್ ಜಾರುವುದು ಬರೀ ಹಣದ ವಿಷಯವಲ್ಲ. ಪೂರ್ತಿ ಮೈಭಾರ ಹಾಕಿರುತ್ತೇವೆ, ಅದು ಜಾರಿದರೆ ಬೆರಳ ಗಂಟು ನೇರ ಪುಲ್ಲಿಗೆ ಬಡಿಯುತ್ತದೆ. ಹುಡುಗನಿಗೆ ಹಾಗೇ ಆಯಿತು. ಎರಡು ಬೆರಳು ಊದಿಕೊಂಡು ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ನನಗೆ ಅದು ಇವತ್ತಿಗೂ ಬೇಸರದ ವಿಷಯ. ಉಳಿಸಿದ ಹಣ ಅವನ ಕೈಮೇಲೆ ಹೋಯಿತು.

ಗ್ಯಾರಂಟಿ ಬಗ್ಗೆಯೂ ಹೇಳಬೇಕು. ಅಣ್ಣನ ಸೆಟ್ಟಿಗೆ ಜೀವಮಾನದ ಗ್ಯಾರಂಟಿ ಅಂತ ಬರೆದಿದೆ. ಒಂದು ಸ್ಕ್ರೂ ಡ್ರೈವರಿನ ತುದಿ ಮುರಿದಾಗ ಅಂಗಡಿಗೆ ಕೊಟ್ಟೆ. ಬದಲಿ ಸಿಕ್ಕಿತು, ಆದರೆ ಐದು ವಾರ ಹಿಡಿಯಿತು, ನಾನು ಎರಡು ಸಲ ಹುಬ್ಬಳ್ಳಿಗೆ ರೈಲು ಹತ್ತಿದೆ. ರಶೀದಿ ಕೇಳಿದರು, ಪುಣ್ಯಕ್ಕೆ ಇಟ್ಟುಕೊಂಡಿದ್ದೆ. ಒಂದು ಮಾತು ಗಮನದಲ್ಲಿರಲಿ, ಹಿಡಿಗೆ ಪೈಪ್ ತೂರಿಸಿ ಜೋರು ಹಾಕಿ ಮುರಿದದ್ದಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಜಾಮ್ ಆದ ಬೋಲ್ಟಿಗೆ ರ‍್ಯಾಚೆಟ್ ಹಾಕಲೇಬಾರದು. ಅದಕ್ಕೆ ಎಲ್ ಹ್ಯಾಂಡಲ್ ಅಥವಾ ಟಿ ಹ್ಯಾಂಡಲ್ ಇದೆ. ಅದರಲ್ಲೂ ತಿರುಗುವ ಭಾಗ ಇಲ್ಲ, ಅಗ್ಗದ್ದೇ ಸಾಕು.

ಸ್ಕ್ರೂ ಡ್ರೈವರ್, ಸುತ್ತಿಗೆ ವಿಷಯದಲ್ಲಿ ಹೆಚ್ಚು ಹೇಳಲು ಇಲ್ಲ. ತಮ್ಮನ ಸ್ಟಾರ್ ತುದಿ ಬೇಗ ಸವೆಯಿತು. ಸುತ್ತಿಗೆ ಎರಡೂ ಒಂದೇ.

ಪ್ಲಯರ್ ಕೊಳ್ಳುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಅಂಗಡಿಯಲ್ಲೇ ಬಾಯಿ ಮುಚ್ಚಿ ಟ್ಯೂಬ್‌ಲೈಟಿನ ಕಡೆ ಹಿಡಿದು ನೋಡಿ. ಕತ್ತರಿಸುವ ಅಂಚಿನ ಉದ್ದಕ್ಕೂ ಬೆಳಕು ಬರಬಾರದು. ತಮ್ಮನ ಪ್ಲಯರಿನಲ್ಲಿ ಮಧ್ಯದಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು, ಸಣ್ಣ ವೈರ್ ಕತ್ತರಿಸದೆ ಮಡಚಿಬಿಡುತ್ತಿತ್ತು. ಅಣ್ಣನದು ಚೆನ್ನಾಗಿದೆ. ಆದರೆ ನನ್ನ ಮೆಚ್ಚಿನದು ಅಪ್ಪನ ಹಳೇ ತಪಾರಿಯಾ ಪ್ಲಯರ್. ಆ ಕಂಪನಿ 1969ರಲ್ಲಿ ಸ್ವೀಡನ್ನಿನವರ ತಾಂತ್ರಿಕ ನೆರವಿನಿಂದ ಕೈ ಉಪಕರಣ ಮಾಡಲು ಶುರುಮಾಡಿತು. ಹಿಡಿಯ ಮೇಲಿನ ಪ್ಲಾಸ್ಟಿಕ್ ಎರಡು ಸಲ ಬದಲಾಗಿದೆ, ಅಂಚು ಇನ್ನೂ ಹಾಗೇ ಇದೆ. ಬೆಲೆಯಲ್ಲಿ ಅದು ಅಣ್ಣನಿಗಿಂತ ಎಷ್ಟೋ ಕಡಿಮೆ.

ಪಾನಾ ಕೊಳ್ಳುವಾಗ ಜೇಬಿನಲ್ಲಿ ಒಂದು ಹೊಸ 19ರ ಬೋಲ್ಟು, ಒಂದು 13ರದ್ದು ಇಟ್ಟುಕೊಂಡು ಹೋಗಿ. ಹಾಕಿ ಅಲುಗಾಡಿಸಿ ನೋಡಿ. ಸಾವ್ಕಾರರು ಬೇಡ ಅನ್ನುವುದಿಲ್ಲ. ಪ್ಯಾಕೆಟ್ಟಿನ ಹಿಂದೆ ತಯಾರಕರ ಅಥವಾ ಆಮದುದಾರರ ಹೆಸರು, ತಯಾರಾದ ದೇಶ ನೋಡಿ.

ಹುಡುಗ ಈ ವರ್ಷ ಹಿರೇಕೆರೂರಿನಲ್ಲಿ ಸ್ವಂತ ಅಂಗಡಿ ಹಾಕುತ್ತಿದ್ದಾನೆ. ಅವನ ಪೆಟ್ಟಿಗೆಯನ್ನು ಹೋದ ವಾರ ಇಬ್ಬರೂ ಕೂತು ತುಂಬಿದೆವು. ಪಾನಾ, ಎಲ್ ಹ್ಯಾಂಡಲ್, ಸುತ್ತಿಗೆ, 6 ಮೂಲೆಯ ಸಾಕೆಟ್ ಎಲ್ಲಾ ತಮ್ಮನವು. ಪ್ಲಯರ್ ತಪಾರಿಯಾ. ರ‍್ಯಾಚೆಟ್ ಮಾತ್ರ ಅಣ್ಣನದು, 72 ಹಲ್ಲಿನದು, ಹೊಸದು. ಅದರ ಹಣ ನಾನೇ ಕೊಟ್ಟೆ.