ಮಕ್ಕಳ ಮಾತು ಹಿಡಿದಿಡಲು ನೋಟ್‌ಬುಕ್ಕಾ, ಫೋನಾ, ವಿಡಿಯೋನಾ?

"ನಾಳೆ ಬೀಳಿದ್ದು ಇನ್ನೂ ನೋಯ್ತಿದೆ."

ಎರಡೂವರೆ ವರ್ಷದ ಮಗಳು ಮೊಣಕಾಲು ತೋರಿಸಿ ಹೇಳಿದ ಮಾತಿದು. ನಿನ್ನೆಗೆ ನಾಳೆ, ಬಿದ್ದಿದ್ದಕ್ಕೆ ಬೀಳಿದ್ದು. ನೋಡಿದ್ದು, ಹಾಡಿದ್ದು ಎಲ್ಲ ಸರಿಯಾದರೆ ಬೀಳಿದ್ದು ಯಾಕೆ ಸರಿಯಲ್ಲ ಎನ್ನುವುದು ಅವಳ ಲೆಕ್ಕ. ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕೆವು. ಆರು ತಿಂಗಳ ಮೇಲೆ ನೆನಪಿಸಿಕೊಳ್ಳಲು ಕೂತರೆ ನಾನು ಹೇಳಿದ್ದೊಂದು, ನನ್ನ ಗಂಡ ಹೇಳಿದ್ದು ಇನ್ನೊಂದು. ಹಳೆಯ ಬಿಲ್ಲಿನ ಬೆನ್ನಿಗೆ ನಾನೇ ಗೀಚಿಟ್ಟಿದ್ದು ಸಿಕ್ಕಾಗ ಗೊತ್ತಾಯಿತು, ಇಬ್ಬರೂ ತಪ್ಪು. ಬಿಲ್ಲಿನ ಅಚ್ಚೆಲ್ಲ ಮಾಸಿಹೋಗಿತ್ತು (ಶಾಖಕ್ಕೆ ಕಪ್ಪಾಗುವ ಆ ಕಾಗದದ ಹಣೆಬರಹವೇ ಅದು), ಹಿಂದಿನ ಬಾಲ್‌ಪೆನ್ ಗೀಚು ಮಾತ್ರ ಉಳಿದಿತ್ತು.

ಅಲ್ಲಿಂದ ಇಲ್ಲಿಗೆ ಸುಮಾರು ನಾಲ್ಕು ವರ್ಷ, ಎರಡು ಮಕ್ಕಳು, ಆರು ವಿಧಾನ. ಮೂರು ವರ್ಷಕ್ಕಿಂತ ಹಿಂದಿನದು ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಮಗುವಿಗೂ ನೆನಪಿರದ, ನಮಗೂ ತಪ್ಪಾಗಿ ನೆನಪಿರುವ ಮಾತು ಇದು. ಹಾಗಾಗಿ ನಾನು ಎಲ್ಲಕ್ಕೂ ಇಟ್ಟ ಪರೀಕ್ಷೆ ಒಂದೇ: ಮಗು ಆಡಿದ ಮಾತು ಆಡಿದ ಹಾಗೇ ಉಳಿಯಿತಾ?

ಮೊದಲು ವಿಡಿಯೋ, ಯಾಕೆಂದರೆ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ನಡಿಗೆ, ಕುಣಿತ, ಕನ್ನಡಿ ಎದುರು ಮುಖ ಕಿವುಚುವುದು, ಇವಕ್ಕೆಲ್ಲ ವಿಡಿಯೋ ಬಿಟ್ಟರೆ ಬೇರೆ ಇಲ್ಲ. ಆದರೆ ಮಾತಿಗೆ? ತಮಾಷೆಯ ಮಾತು ಹೇಳಿ ಕೇಳಿ ಬರುವುದಿಲ್ಲ. ಫೋನ್ ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ "ಇನ್ನೊಂದ್ಸಲ ಹೇಳು ಪುಟ್ಟಾ" ಎಂದು ಗೋಗರೆದು ತೆಗೆದ ಹದಿನೇಳು ವಿಡಿಯೋ ನನ್ನ ಬಳಿ ಇವೆ. ಎಲ್ಲದರಲ್ಲೂ ಮಗು ನಟಿಸುತ್ತಿದೆ, ನಾನು ಹಿಂದಿನಿಂದ ಹೇಳಿಕೊಡುತ್ತಿದ್ದೇನೆ. ಜಾಗವೂ ಬೇಕು: ಸಾಮಾನ್ಯ ಗುಣಮಟ್ಟದಲ್ಲೇ ನಿಮಿಷಕ್ಕೆ 60ರಿಂದ 130 ಎಂಬಿ ತಿನ್ನುತ್ತದೆ. ಮ್ಯೂಸಿಯಂಗೆ ಹೋದವರು ಬರೀ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳನ್ನೇ ಕಡಿಮೆ ನೆನಪಿಟ್ಟುಕೊಂಡರು ಎಂದು ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆ ಹದಿನೇಳು ವಿಡಿಯೋ ತೆಗೆದ ದಿನಗಳ ಬೇರೇನೂ ನನಗೆ ನೆನಪಿಲ್ಲ ಎಂಬುದಂತೂ ನಿಜ.

ಧ್ವನಿ ಮುದ್ರಣ ಇದಕ್ಕಿಂತ ಎಷ್ಟೋ ವಾಸಿ. ಫೋನ್ ಮಗ್ಗುಲಲ್ಲಿ ಬಿದ್ದಿದ್ದರೆ ಮಗು ಅದನ್ನು ಮರೆತೇ ಬಿಡುತ್ತದೆ. ನಿಮಿಷಕ್ಕೆ ಅರ್ಧ ಎಂಬಿ ಸಾಕು. ಮಗ 'ಕಾಲು' ಅನ್ನಲು ಬಾರದೆ 'ತಾಲು' ಅನ್ನುತ್ತಿದ್ದ ದನಿ, ನಡುವೆ ಉಸಿರು ಎಳೆದುಕೊಳ್ಳುವ ಸದ್ದು, ಇವನ್ನು ಯಾವ ಅಕ್ಷರವೂ ಹಿಡಿಯಲಾರದು. ತೊಂದರೆ ಏನೆಂದರೆ ಯಾರೂ ತಿರುಗಿ ಕೇಳುವುದಿಲ್ಲ. 'ರೆಕಾರ್ಡಿಂಗ್ 43' ಎಂಬ ಹೆಸರಿನ ಕಡತದಲ್ಲಿ ಇಪ್ಪತ್ತು ನಿಮಿಷದ ಗದ್ದಲ, ಅದರಲ್ಲಿ ಎಲ್ಲೋ ಒಂದು ಮುತ್ತು. ಅದೇ ದಿನ ಹೆಸರು ಬದಲಿಸಿ, ಎಷ್ಟನೇ ನಿಮಿಷ ಅಂತ ಬರೆದಿಟ್ಟರೆ ಮಾತ್ರ ಪ್ರಯೋಜನ.

ಫೋನಿನ ನೋಟ್ಸ್ ಮೇಲೆ ನನಗೆ ಬಹಳ ಭರವಸೆ ಇತ್ತು. ಕೈಯಲ್ಲೇ ಇರುತ್ತದೆ, ತಾರೀಖು ತಾನೇ ಬೀಳುತ್ತದೆ. ಆದರೆ ಅದಕ್ಕೆ ಒಂದು ಚಟ, ತಿದ್ದುವ ಚಟ. ಮಾತಿನಿಂದ ಟೈಪ್ ಮಾಡಿಸಿದರೆ 'ಬೀಳಿದ್ದು' ಹೋಗಿ 'ಬಿದ್ದಿದ್ದು' ಬಂದು ಕೂತಿತು. ಇರುವ ತಮಾಷೆಯೇ ಆ ತಪ್ಪು. ಅದನ್ನೇ ಅಳಿಸಿದರೆ ಉಳಿಯುವುದು ಮೊಣಕಾಲು ನೋವಿನ ವರದಿ. ಅವಸರಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದಂತೂ ಇನ್ನೂ ಕೆಟ್ಟಿತು. ವರ್ಷದ ಮೇಲೆ ಓದಿದರೆ ಅದು ತಾಲೋ ಟಾಲೋ, ಲಕಾರವೋ ಳಕಾರವೋ ತಿಳಿಯದು. ನಮ್ಮ ಲಿಪಿ ತೊದಲನ್ನು ತೊದಲಾಗಿಯೇ ಬರೆಯಬಲ್ಲದು. ಆ ಸೌಲಭ್ಯ ಬಿಟ್ಟುಕೊಡಬೇಡಿ. ಫೋನ್ ತಾನೇ ತಿದ್ದುವುದನ್ನು ಆಫ್ ಮಾಡಿ, ಕನ್ನಡ ಕೀಬೋರ್ಡಿನಲ್ಲಿ, ನಿಧಾನವಾದರೂ ಸರಿ, ಅಕ್ಷರ ಅಕ್ಷರ ಕುಟ್ಟಿ. ಅಂದಹಾಗೆ, ನನ್ನ ನೋಟ್ಸ್‌ನಲ್ಲಿ ಹೀಗೊಂದು ಸಾಲಿದೆ: "ಇವತ್ತು ಬಾತ್‌ರೂಮಲ್ಲಿ ಹೇಳಿದ್ದು!!! ಮರೀಬಾರ್ದು." ಏನು ಹೇಳಿದಳೋ ದೇವರಿಗೇ ಗೊತ್ತು.

ಮನೆಯವರ ವಾಟ್ಸಾಪ್ ಗುಂಪು ಬೇರೆಯದೇ ಕಥೆ. ಕ್ಷಣದಲ್ಲಿ ಹಾಕಬಹುದು, ಏಳೆಂಟು ಫೋನಿನಲ್ಲಿ ಪ್ರತಿ ಇರುತ್ತದೆ. ನನ್ನ ಫೋನ್ ಒಮ್ಮೆ ಸತ್ತೇ ಹೋದಾಗ ಉಳಿದಿದ್ದು ಅದೊಂದೇ. ಆದರೂ ಬಿಟ್ಟುಬಿಟ್ಟೆ. ಐದು ವರ್ಷದವಳು ಒಂದು ದಿನ ಬಂದು "ನಾನು ನಿಂಗೆ ಹೇಳಿದ್ದು, ಅವರಿಗೆಲ್ಲ ಯಾಕೆ ಹೇಳ್ದೆ?" ಅಂದಳು. ಉತ್ತರ ಇರಲಿಲ್ಲ.

ಡಬ್ಬಿಗೆ ಚೀಟಿ ಹಾಕುವ ವಿಧಾನ ನೋಡಲು ಚೆಂದ. ತಾರೀಖು ಬರೆಯುವುದು ಮರೆಯುತ್ತದೆ, ಯಾವ ಮಗು ಹೇಳಿದ್ದು ಎನ್ನುವುದೂ ತಿಳಿಯುವುದಿಲ್ಲ. ಅಷ್ಟೆ.

ನೋಟ್‌ಬುಕ್ ನಿಧಾನ, ಬೇಕಾದಾಗ ಕೈಗೆ ಸಿಗುವುದಿಲ್ಲ, ನೀರು ಬಿದ್ದರೆ ಮುಗಿಯಿತು. ಹಾಗಿದ್ದೂ ನನ್ನ ಮತ ಅದಕ್ಕೇ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಆಟಪಾಠಗಳನ್ನು ಕಂಡ ಕಂಡಂತೆ ಬರೆದಿಟ್ಟಿದ್ದ. 1877ರಲ್ಲಿ ಅದೇ ಟಿಪ್ಪಣಿಯಿಂದ ಲೇಖನ ಬರೆದ. ಸರಿಯಾಗಿ ಒಂದು ವರ್ಷ ತುಂಬಿದಾಗ ಮಗು ತಿನ್ನುವುದಕ್ಕೆಲ್ಲ 'ಮಮ್' ಎಂಬ ಪದ ತಾನೇ ಕಟ್ಟಿಕೊಂಡಿತು ಎಂದು ಅದರಲ್ಲಿದೆ. ಅಷ್ಟು ವರ್ಷದ ಮೇಲೆ ಬರೀ ನೆನಪಿನಿಂದ ಇದನ್ನು ಯಾರಾದರೂ ಬರೆಯಬಲ್ಲರೇ? ಕಾಗದಕ್ಕೆ ತಿದ್ದಲು ಬರುವುದಿಲ್ಲ, ಬರೆಯುವವರು ತಿದ್ದದಿದ್ದರೆ ಸಾಕು.

ಈಗ ನಾನು ಮಾಡುವುದು ಇಷ್ಟು. ಮಾತು ಕಿವಿಗೆ ಬಿದ್ದ ಐದು ನಿಮಿಷದೊಳಗೆ ಸಿಕ್ಕಿದ್ದರ ಮೇಲೆ ಗೀಚುವುದು, ಭಾನುವಾರ ನೋಟ್‌ಬುಕ್ಕಿಗೆ ಇಳಿಸುವುದು. ಮಾತಿನ ಜತೆ ವಯಸ್ಸು (2 ವರ್ಷ 7 ತಿಂಗಳು ಎಂಬಂತೆ) ಮತ್ತು ಅದಕ್ಕೆ ಮೊದಲು ಏನಾಯಿತು ಎನ್ನುವ ಒಂದು ಸಾಲು ಬೇಕೇ ಬೇಕು. "ಕಾಲೊಳಗೆ ಇರುವೆ ಬಂದಿದೆ" ಅಂತ ಮಾತ್ರ ಇದ್ದರೆ ಅರ್ಥವಿಲ್ಲ. ಕಾಲು ಮಡಚಿ ಕೂತು ಜೋಮು ಹಿಡಿದಿತ್ತು ಎಂದಿದ್ದರೆ ಹತ್ತು ವರ್ಷದ ಮೇಲೂ ನಗು ಬರುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಧ್ವನಿ. ಪುಟಗಳ ಫೋಟೋ ತೆಗೆದು ಇನ್ನೊಂದು ಕಡೆ ಇಡುತ್ತೇನೆ, ನೀರಿನ ಭಯಕ್ಕೆ.

ಮೊನ್ನೆ ಮಗಳಿಗೆ ನೋಟ್‌ಬುಕ್ ಸಿಕ್ಕಿತು. ಈಗ ಓದಲು ಬರುತ್ತದೆ. ಬೆರಳಿಟ್ಟು ಓದಿದಳು, "ನಾಳೆ ಬೀಳಿದ್ದು". ಹುಬ್ಬು ಗಂಟಿಕ್ಕಿ, "ಅಮ್ಮಾ, ನೀನು ತಪ್ಪು ಬರ್ದಿದ್ದೀಯ" ಎಂದು ಪೆನ್ಸಿಲ್ ತರಲು ಓಡಿದಳು. ಅವಳು ಬರುವಷ್ಟರಲ್ಲಿ ನೋಟ್‌ಬುಕ್ ಬೀರುವಿನ ಮೇಲೆ ಏರಿತ್ತು.