ಮರುಕಳಿಸುವ ಕಿವಿಸೋಂಕಿಗೆ ಹೈಪೋಅಲರ್ಜೆನಿಕ್ ಆಹಾರ: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಕಿವಿಯ ಸೋಂಕು ಪದೇ ಪದೇ ಮರುಕಳಿಸುವ ನಾಯಿಗಳಿಗೆ ಪಶುವೈದ್ಯರು ಬರೆದುಕೊಡುವ ರಾಯಲ್ ಕ್ಯಾನಿನ್ ಕಂಪನಿಯ ಹೈಪೋಅಲರ್ಜೆನಿಕ್ (ಅಂದರೆ ಅಲರ್ಜಿ ಕೆರಳಿಸುವ ಸಾಧ್ಯತೆ ಕಡಿಮೆಯಿರುವ) ಒಣ ಆಹಾರವನ್ನೂ, ಅದರ ಜೊತೆಯಲ್ಲಿ ನಾವು ಬಳಸಿದ ವಿರ್‌ಬ್ಯಾಕ್ ಕಂಪನಿಯ ಎಪಿಯೋಟಿಕ್ ಎಂಬ ಕಿವಿ ತೊಳೆಯುವ ದ್ರಾವಣವನ್ನೂ ಕುರಿತ ವಿಮರ್ಶೆ ಇದು. ಆಹಾರದ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ: ನಾಯಿಯ ನಿತ್ಯದ ಊಟವೆಂದು ಕೊಳ್ಳುವವರಿಗೆ ಇದರ ಬೆಲೆ ವಿಪರೀತವೆನಿಸುತ್ತದೆ, ರೋಗದ ಮೂಲ ಹುಡುಕುವ ಪರೀಕ್ಷೆಯೆಂದು ಕೊಂಡು, ಆ ಪರೀಕ್ಷೆಯ ನಿಯಮಗಳನ್ನು ಮನೆಮಂದಿಯೆಲ್ಲ ಒಪ್ಪಿ ನಡೆದುಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ನಮ್ಮ ಕರಿಯ ಕಪ್ಪು ಲ್ಯಾಬ್ರಡಾರ್. ಮನೆಯಿರುವುದು ತೀರ್ಥಹಳ್ಳಿಯ ಕಡೆ, ಅಂದರೆ ವರ್ಷದಲ್ಲಿ ಹಲವು ತಿಂಗಳು ಗೋಡೆಯೂ ಒಣಗದ ಊರಿನಲ್ಲಿ. ಜೋಲುಕಿವಿಯ ನಾಯಿಗೆ ಇಂಥ ತೇವ ಒಳ್ಳೆಯದಲ್ಲವೆಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಕಿವಿಯಿಂದ ಹುಳಿಹಿಟ್ಟಿನಂಥ ವಾಸನೆ ಬಂದಾಗ, ಕಂದುಬಣ್ಣದ ಮೇಣ ಜಿನುಗಿದಾಗ, ಅವನು ರಾತ್ರಿಯಿಡೀ ತಲೆ ಕೊಡವಿದಾಗ ಎಲ್ಲರೂ ಮಳೆಯನ್ನೇ ದೂರಿದರು. ಆದರೆ ಬೇಸಿಗೆಯಲ್ಲೂ ಅದೇ ಕಥೆಯಾಗಿತ್ತು. ಮೊದಲು ನೋಡುತ್ತಿದ್ದ ಚಿಕಿತ್ಸಾಲಯದಲ್ಲಿ ಒಂದು ಸಲವೂ ಕಿವಿಯ ಕೊಳೆಯನ್ನು ಪರೀಕ್ಷಿಸದೆ, ಒಂದು ಡ್ರಾಪ್ಸ್ ಮುಗಿದರೆ ಇನ್ನೊಂದು ಎಂಬಂತೆ ಬದಲಾಯಿಸಿ ಬರೆದುಕೊಡುತ್ತಿದ್ದರು. ಪ್ರತಿ ಸಲವೂ ವಾಸಿಯಾಗುತ್ತಿತ್ತು, ಪ್ರತಿ ಸಲವೂ ಮರಳುತ್ತಿತ್ತು.

ಇದು ಏಕೆ ಹೀಗಾಗುತ್ತದೆ ಎಂಬುದಕ್ಕೆ ನಾಯಿಯ ಕಿವಿಯ ರಚನೆಯೇ ಅರ್ಧ ಉತ್ತರ. ನಮ್ಮ ಕಿವಿಯ ನಾಳ ಹೆಚ್ಚುಕಡಿಮೆ ನೇರವಾಗಿ ತಮಟೆಗೆ ಹೋದರೆ, ನಾಯಿಯ ನಾಳ ಮೊದಲು ಕೆಳಕ್ಕೆ ಇಳಿದು, ಆಮೇಲೆ ಅಡ್ಡಕ್ಕೆ ತಿರುಗುತ್ತದೆ. ಆ ಮೂಲೆಯಲ್ಲಿ ಸೇರಿದ ತೇವ, ಮೇಣ, ಸತ್ತ ಚರ್ಮ ತಾನಾಗಿ ಹೊರಬರುವುದು ಕಷ್ಟ. ಮಿಕ್ಕರ್ಧ ಉತ್ತರ ಚರ್ಮದಲ್ಲಿದೆ. ಕಿವಿಯ ಒಳಗೋಡೆಯೂ ಚರ್ಮವೇ ಆದ್ದರಿಂದ, ಮೈಗೆ ಅಲರ್ಜಿಯಿದ್ದರೆ ಅಲ್ಲಿಯೂ ಉರಿಯೂತವಾಗುತ್ತದೆ, ಮೇಣ ಹೆಚ್ಚುತ್ತದೆ, ಸಾಮಾನ್ಯವಾಗಿ ತೊಂದರೆ ಕೊಡದೆ ಇರುವ ಮಲಸೀಸಿಯಾ ಎಂಬ ಯೀಸ್ಟ್ ಮತ್ತು ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಅಲ್ಲಿ ಮಿತಿಮೀರಿ ಬೆಳೆಯುತ್ತವೆ. ಡ್ರಾಪ್ಸ್ ಕೊಲ್ಲುವುದು ಈ ಜೀವಿಗಳನ್ನು. ಅವುಗಳಿಗೆ ಜಾಗ ಮಾಡಿಕೊಟ್ಟ ಅಲರ್ಜಿ ಹಾಗೆಯೇ ಉಳಿಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ನಾಳದ ಗೋಡೆ ದಪ್ಪವಾಗಿ ಕಿರಿದಾಗುತ್ತದೆ, ಕೊನೆಗೆ ಸುಣ್ಣಗಟ್ಟಿ, ಇಡೀ ನಾಳವನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯುವ ಹಂತಕ್ಕೂ ಹೋಗಬಹುದು.

ಆದ್ದರಿಂದ ಆಹಾರದ ಚೀಲಕ್ಕೆ ಹಣ ಕೊಡುವ ಮೊದಲು ಸೂಕ್ಷ್ಮದರ್ಶಕಕ್ಕೆ ಕೊಡಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕಿವಿಯೊಳಗೆ ನೋಡುವ ಆಟೋಸ್ಕೋಪ್ ಹಾಕಿ ತಮಟೆ ಹರಿದಿಲ್ಲವೆಂಬುದನ್ನು ಖಚಿತಪಡಿಸಿಕೊಂಡರು; ಹರಿದಿದ್ದರೆ ಕೆಲವು ಔಷಧಗಳು ಒಳಗಿವಿಗೆ ಇಳಿದು ಕಿವುಡುತನ ತರಬಹುದಾದ್ದರಿಂದ ಇದು ಬಿಡಬಾರದ ಹೆಜ್ಜೆ. ಆಮೇಲೆ ಎರಡೂ ಕಿವಿಗಳಿಂದ ಹತ್ತಿಯ ಕಡ್ಡಿಯಲ್ಲಿ ಕೊಳೆ ತೆಗೆದು, ಗಾಜಿನ ಮೇಲೆ ಉರುಳಿಸಿ, ಬಣ್ಣ ಹಾಕಿ ನೋಡಿದರು. ನನಗೂ ತೋರಿಸಿದರು: ಕಡಲೆಕಾಯಿಯ ಆಕಾರದ, ಗಾಢ ನೇರಳೆಬಣ್ಣದ ಯೀಸ್ಟ್ ಕಣಗಳು ಕಣ್ಣುಹಾಯಿಸಿದಲ್ಲೆಲ್ಲ ಇದ್ದವು, ಬ್ಯಾಕ್ಟೀರಿಯಾ ಇರಲೇ ಇಲ್ಲವೆನ್ನಬಹುದು. ಅಂದರೆ ಅಷ್ಟು ದಿನ ಹಾಕಿದ ಆಂಟಿಬಯೋಟಿಕ್‌ಗೆ ಅಲ್ಲಿ ಮಾಡಲು ಹೆಚ್ಚಿನ ಕೆಲಸವೇ ಇರಲಿಲ್ಲ. ಹೆಬ್ಬಾಳ, ಹಾಸನ, ಬೀದರ್ ಕಾಲೇಜುಗಳ ಹತ್ತಿರ ಇರುವವರು ಈ ಸೌಲಭ್ಯವನ್ನು ಅಗತ್ಯವಾಗಿ ಉಪಯೋಗಿಸಿಕೊಳ್ಳಲಿ.

ಎಪಿಯೋಟಿಕ್‌ನ ವಿಷಯ ಚಿಕ್ಕದು. ಸ್ಯಾಲಿಸಿಲಿಕ್ ಆಮ್ಲವಿರುವ ಈ ದ್ರಾವಣ ಮೇಣವನ್ನು ಸಡಿಲಿಸಿ, ಒಳಗಿನ ತೇವವನ್ನು ಒಣಗಿಸಲು ನೆರವಾಗುತ್ತದೆ. ಕಿವಿಯ ಹಾಲೆಯನ್ನು ಮೇಲೆತ್ತಿ, ನಾಳ ತುಂಬುವಷ್ಟು ಹಾಕಿ, ಕಿವಿಯ ಬುಡವನ್ನು ಹೊರಗಿನಿಂದ ಪಿಚಪಿಚ ಸದ್ದಾಗುವವರೆಗೆ ತಿಕ್ಕಿ, ನಾಯಿಗೆ ತಲೆ ಕೊಡವಲು ಬಿಡಬೇಕು. ಹೊರಗೆ ಬಂದದ್ದನ್ನಷ್ಟೇ ಹತ್ತಿಯಿಂದ ಒರೆಸಬೇಕು. ಈ ಕೆಲಸವನ್ನು ಅಂಗಳದಲ್ಲಿ, ಹಳೆಯ ಬಟ್ಟೆಯುಟ್ಟು ಮಾಡುವುದು ಲೇಸು. ಬಡ್ಸ್ ಒಳಗೆ ತೂರಿಸಿದರೆ ಕೊಳೆ ಇನ್ನೂ ಆಳಕ್ಕೆ ಹೋಗುತ್ತದೆ. ನಮ್ಮಲ್ಲಿ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡುವ ರೂಢಿಯುಂಟು, ಅದು ಬೇಡವೇ ಬೇಡ: ಎಣ್ಣೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಮಲಸೀಸಿಯಾಕ್ಕೆ ಕೊಬ್ಬೇ ಆಹಾರ. ತೊಳೆಯುವ ದ್ರಾವಣವಾಗಿ ಎಪಿಯೋಟಿಕ್ ನನಗೆ ಮೆಚ್ಚಿಗೆಯಾಗಿದೆ; ಕೆಂಪಾಗಿ ನೋಯುತ್ತಿರುವ ಕಿವಿಗೆ ವೈದ್ಯರನ್ನು ಕೇಳದೆ ಯಾವುದನ್ನೂ ಹಾಕಬಾರದು ಎಂಬ ಮಾತು ಇದಕ್ಕೂ ಅನ್ವಯಿಸುತ್ತದೆ.

ಇನ್ನು ಆಹಾರ. ಅಲರ್ಜಿಯಿರುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಕಾರಣ ಧೂಳಿನ ಹುಳ, ಪರಾಗ, ಬೂಷ್ಟುಗಳಂಥ ಪರಿಸರದ ವಸ್ತುಗಳು. ಆಹಾರದ ಅಲರ್ಜಿ ಅದಕ್ಕಿಂತ ಕಡಿಮೆ. ಆದರೂ ಋತುವಿಗೆ ಸಂಬಂಧವಿಲ್ಲದೆ ವರ್ಷವಿಡೀ ಕಾಡುವ ತುರಿಕೆ, ಕಿವಿಯ ಜೊತೆ ಪಾದ ಮತ್ತು ಗುದದ ಸುತ್ತಲಿನ ಕೆರೆತ, ಕೆಲವೊಮ್ಮೆ ಸಡಿಲ ಮಲ, ಇವು ಸೇರಿದಾಗ ಆಹಾರವನ್ನು ಶಂಕಿಸಬೇಕು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನದ ಪ್ರಕಾರ ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ದನದ ಮಾಂಸಕ್ಕೆ ಶೇ. 34, ಹಾಲಿನ ಪದಾರ್ಥಗಳಿಗೆ ಶೇ. 17, ಕೋಳಿಗೆ ಶೇ. 15, ಗೋಧಿಗೆ ಶೇ. 13ರಷ್ಟು ನಾಯಿಗಳು ಪ್ರತಿಕ್ರಿಯಿಸಿದ್ದವು. ಮೊಸರನ್ನ, ಕೋಳಿ ಬೇಯಿಸಿದ ನೀರು, ಸಂಜೆಗೊಂದು ಬಿಸ್ಕತ್ತು ತಿಂದು ಬೆಳೆಯುವ ನಮ್ಮ ಮನೆಗಳ ನಾಯಿಗೆ ಈ ಪಟ್ಟಿಯ ಮೂರು ವಸ್ತುಗಳು ದಿನವೂ ಬಟ್ಟಲಿಗೆ ಬೀಳುತ್ತವೆ.

ಹೈಪೋಅಲರ್ಜೆನಿಕ್‌ನಲ್ಲಿ ಮುಖ್ಯವಾಗಿರುವುದು ಅಕ್ಕಿ ಮತ್ತು ಹೈಡ್ರೊಲೈಸ್ ಮಾಡಿದ ಸೋಯಾ ಪ್ರೋಟೀನ್. ಪ್ರೋಟೀನಿನ ಉದ್ದ ಸರಪಳಿಯನ್ನು ಕಿಣ್ವಗಳಿಂದ ತುಂಡರಿಸಿ, ರೋಗನಿರೋಧಕ ವ್ಯವಸ್ಥೆಯ ಪ್ರತಿಕಾಯಗಳು ಗುರುತು ಹಿಡಿಯಲಾರದಷ್ಟು ಚಿಕ್ಕದು ಮಾಡುವುದು ಇದರ ತತ್ವ. ಚೀಲದ ಹಿಂಬದಿಯಲ್ಲಿ ಪ್ರಾಣಿಜನ್ಯ ಕೊಬ್ಬು ಮತ್ತು ಹೈಡ್ರೊಲೈಸ್ ಮಾಡಿದ ಕೋಳಿಜಾತಿಯ ಯಕೃತ್ತು ಎಂದು ಓದಿದಾಗ, ಕೋಳಿಯ ಮೇಲೇ ಶಂಕೆಯಿರುವ ನಾಯಿಗೆ ಇದನ್ನು ಹಾಕುವುದೇ ಎಂದು ಯಾರಿಗಾದರೂ ಅನುಮಾನ ಬರುವುದು ಸಹಜ. ವೈದ್ಯರ ವಿವರಣೆಯಂತೆ, ಶುದ್ಧ ಕೊಬ್ಬಿನಲ್ಲಿ ಪ್ರೋಟೀನು ಇರುವುದೇ ಅತ್ಯಲ್ಪ, ಯಕೃತ್ತಿನ ಪ್ರೋಟೀನೂ ತುಂಡಾಗಿರುತ್ತದೆ. ಆದರೆ ತುಂಡಾದ ಪ್ರೋಟೀನಿಗೂ ಪ್ರತಿಕ್ರಿಯಿಸುವ ನಾಯಿಗಳು ಕೆಲವು ಇವೆ. ಅಂಥವಕ್ಕೆ ಅದೇ ಕಂಪನಿಯ ಅನಲರ್ಜೆನಿಕ್ ಎಂಬ, ಪ್ರೋಟೀನನ್ನು ಇನ್ನೂ ಚಿಕ್ಕದಾಗಿ ಒಡೆದ ಆಹಾರವಿದೆ. ಫಾರ್ಮಿನಾದ ಅಲ್ಟ್ರಾಹೈಪೋ ಮೀನಿನ ಪ್ರೋಟೀನನ್ನು ಒಡೆದು ಮಾಡಿದ್ದು. ಅಂದಹಾಗೆ, ನಾಯಿಗಳ ಚರ್ಮದ ತೊಂದರೆಗೆ ಊಟವೇ ಕಾರಣವಿರಬಹುದೆಂಬ ಯೋಚನೆಯಿಂದಲೇ ಫ್ರಾನ್ಸಿನ ಪಶುವೈದ್ಯ ಜಾನ್ ಕತಾರಿ 1968ರಲ್ಲಿ ರಾಯಲ್ ಕ್ಯಾನಿನ್ ಆರಂಭಿಸಿದ್ದು. ವಿರ್‌ಬ್ಯಾಕ್ ಕೂಡ ಅದೇ ವರ್ಷ, ಅದೇ ದೇಶದಲ್ಲಿ, ಇನ್ನೊಬ್ಬ ಪಶುವೈದ್ಯರಿಂದ ಹುಟ್ಟಿದ ಕಂಪನಿ.

ಪರೀಕ್ಷೆಯ ನಿಯಮ ಹೇಳಲು ಸುಲಭ: ಎಂಟು ವಾರ ಈ ಆಹಾರ, ನೀರು, ಬೇರೇನೂ ಇಲ್ಲ. ಎಂಟೇ ಏಕೆಂದರೆ, ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಶೇ. 90ಕ್ಕೂ ಹೆಚ್ಚು ಅಷ್ಟರೊಳಗೆ ಸುಧಾರಿಸುತ್ತವೆ. ಎರಡು ಮೂರು ವಾರಕ್ಕೇ ಗುಣ ಕಾಣಲಿಲ್ಲವೆಂದು ಕೈಬಿಡುವವರು ಉತ್ತರ ಬರುವ ಮೊದಲೇ ಪರೀಕ್ಷೆಯಿಂದ ಎದ್ದು ಬಂದಂತೆ. ಪಾಲಿಸುವುದು ಮಾತ್ರ ಮನೆಯ ದೊಡ್ಡ ರಾಜಕಾರಣ. ನಮ್ಮ ಅತ್ತೆಯವರಿಗೆ ತಮ್ಮ ತಟ್ಟೆಯ ಕೊನೆಯ ತುತ್ತು ಮೊಸರನ್ನ ಕರಿಯನಿಗೆ ಸಲ್ಲಬೇಕು. ಅವರನ್ನು ಒಪ್ಪಿಸಲು ಅದೇ ಒಣ ಆಹಾರದ ಕಾಳುಗಳನ್ನು ಸಣ್ಣ ಡಬ್ಬಿಯಲ್ಲಿ ತುಂಬಿ ಅವರ ಊಟದ ಜಾಗದ ಪಕ್ಕದಲ್ಲೇ ಇಟ್ಟೆವು, ಕೊಡುವ ಕೈಗೆ ಕೊಡುವ ಸಂತೋಷ ಉಳಿಯಿತು. ತೋಟದ ಕೆಲಸಕ್ಕೆ ಬರುವವರು ಚಹಾದ ಜೊತೆ ಎಸೆಯುವ ಪಾರ್ಲೆ-ಜಿ ಚೂರಿನಲ್ಲಿ ಗೋಧಿಯೂ ಹಾಲಿನ ಅಂಶವೂ ಇದೆಯೆಂದು ಅವರಿಗೂ ತಿಳಿಹೇಳಬೇಕಾಯಿತು. ಬೆಕ್ಕಿನ ತಟ್ಟೆ ಮೇಲಿನ ಕಪಾಟಿಗೆ ಏರಿತು. ಜನ ಸಾಮಾನ್ಯವಾಗಿ ಮರೆಯುವುದು ಔಷಧಗಳನ್ನು: ಉಣ್ಣೆ ಮತ್ತು ಜಂತುಹುಳಕ್ಕೆ ಕೊಡುವ ಅಗಿಯುವ ಮಾತ್ರೆಗಳಲ್ಲಿ ಹಲವಕ್ಕೆ ಮಾಂಸದ ರುಚಿ ಸೇರಿಸಿರುತ್ತಾರೆ, ನಾಯಿಯ ಟೂತ್‌ಪೇಸ್ಟ್‌ಗೆ ಕೋಳಿಯ ರುಚಿ ಇರುತ್ತದೆ. ಈ ಅವಧಿಗೆ ಉಣ್ಣೆಯ ಔಷಧವನ್ನು ಕತ್ತಿನ ಹಿಂದೆ ಹಚ್ಚುವ ರೂಪಕ್ಕೆ ವೈದ್ಯರು ಬದಲಾಯಿಸಿದರು. ಅಡಿಗೆಮನೆಯ ಹೊಸ್ತಿಲಲ್ಲಿ ಬಿದ್ದ ಮೊಟ್ಟೆಯ ಚೂರೊಂದೂ ಲೆಕ್ಕಕ್ಕೆ ಬರುತ್ತದೆ ಎಂದರೆ ಅತಿಯಾಯಿತೆನಿಸಬಹುದು, ಆದರೆ ಅಲರ್ಜಿಗೆ ಪ್ರಮಾಣದ ದಾಕ್ಷಿಣ್ಯವಿಲ್ಲ.

ಚೀಲ ಕೊಳ್ಳಲಾಗದವರಿಗೆ ಮನೆಯಡಿಗೆಯ ದಾರಿಯೂ ಇದೆ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ. ಆದರೆ ಹೊಸದು ಯಾವುದೆಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಕೊಡಗಿನ ಮನೆಯ ನಾಯಿಗೆ ಹಂದಿಮಾಂಸ ಹೊಸದಲ್ಲ, ಕರಾವಳಿಯ ನಾಯಿಗೆ ಬೂತಾಯಿ ಹೊಸದಲ್ಲ; ಮೀನಂಗಡಿಯ ಹಿಂದೆ ಅಲೆದಾಡುವ ನಾಯಿ ಏನೇನು ತಿಂದಿದೆಯೆಂದು ಯಾರು ಬಲ್ಲರು! ಎಂಟು ವಾರಕ್ಕಿಂತ ಹೆಚ್ಚು ಕಾಲ ಮನೆಯಡಿಗೆಯನ್ನೇ ಮುಂದುವರಿಸುವುದಾದರೆ ಕ್ಯಾಲ್ಸಿಯಂ ಮುಂತಾದವುಗಳನ್ನು ವೈದ್ಯರಿಂದ ಲೆಕ್ಕ ಹಾಕಿಸಬೇಕು.

ಲಾಲಾರಸ ಅಥವಾ ಕೂದಲನ್ನು ಅಂಚೆಯಲ್ಲಿ ತರಿಸಿಕೊಂಡು ಅಲರ್ಜಿಗಳ ಉದ್ದನೆಯ ಪಟ್ಟಿ ಕಳಿಸುವ ಸೇವೆಗಳೂ ಈಗ ಬಂದಿವೆ. ಇವುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ ಪರೀಕ್ಷೆಗೆ ನಿಜವಾದ ನಾಯಿಗಳ ಮಾದರಿಗಳ ಜೊತೆ ಆಟದ ಬೊಂಬೆಯ ಕೃತಕ ತುಪ್ಪಳವನ್ನೂ ಬರಿಯ ಲವಣಜಲವನ್ನೂ ಕಳಿಸಿದ್ದರು. ಬೊಂಬೆಗೂ ಅಲರ್ಜಿಗಳಿವೆಯೆಂದು ವರದಿ ಬಂತು. ರಕ್ತಪರೀಕ್ಷೆಯಿಂದ ಆಹಾರದ ಅಲರ್ಜಿಯನ್ನು ನಂಬಿಕೆಯಿಂದ ಹೇಳಲು ಸಾಧ್ಯವಿಲ್ಲವೆಂಬುದೇ ಚರ್ಮತಜ್ಞ ಪಶುವೈದ್ಯರ ಅಭಿಪ್ರಾಯ. ಆಹಾರ ಬದಲಿಸಿ ನೋಡುವುದೊಂದೇ ದಾರಿ.

ನಮಗೆ ಸಿಕ್ಕ ಫಲ ಪೂರ್ತಿ ಸಿಹಿಯಲ್ಲ. ಯೀಸ್ಟ್‌ನ ಚಿಕಿತ್ಸೆ ಮೊದಲ ವಾರಗಳಲ್ಲೇ ಮುಗಿದಿತ್ತು. ಪರೀಕ್ಷೆಯ ಅವಧಿ ಮುಗಿಯುವ ಹೊತ್ತಿಗೂ ಕಿವಿಗಳು ತಿಳಿಗುಲಾಬಿ ಬಣ್ಣದಲ್ಲಿ, ವಾಸನೆಯಿಲ್ಲದೆ, ಎರಡನೆಯ ಸ್ಲೈಡಿನಲ್ಲಿ ಹುಡುಕಿದರೂ ಒಂದೆರಡು ಯೀಸ್ಟ್ ಮಾತ್ರ ಸಿಗುವಂತೆ ಇದ್ದವು. ಆದರೆ ಬೆರಳುಗಳ ನಡುವೆ ನೆಕ್ಕುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಹಲವರು ಇಲ್ಲಿಗೇ ತೃಪ್ತರಾಗಿ ಜೀವನಪೂರ್ತಿ ಚೀಲ ಕೊಳ್ಳುತ್ತ ಹೋಗುತ್ತಾರೆ. ಪರೀಕ್ಷೆ ಪೂರ್ಣವಾಗುವುದು ಹಳೆಯ ಆಹಾರವನ್ನು ಬೇಕೆಂದೇ ಮತ್ತೆ ಕೊಟ್ಟು ನೋಡಿದಾಗ. ಅಲರ್ಜಿಯಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಲಕ್ಷಣಗಳು ಮರಳುತ್ತವೆ. ಬೇಯಿಸಿದ ಕೋಳಿಯನ್ನು ಮಾತ್ರ ಸೇರಿಸಿದಾಗ ಮೊದಲ ವಾರದೊಳಗೇ ಬಲಗಿವಿ ಬಿಸಿಯಾಗಿ ಕೆಂಪೇರಿತು. ನಿಲ್ಲಿಸಿದ ಮೇಲೆ ಇಳಿಯಿತು. ಮೊಸರು ಪಾಸಾಯಿತು, ಅತ್ತೆಯವರ ತುತ್ತು ಮತ್ತೆ ಸಲ್ಲತೊಡಗಿತು. ಉಳಿದ ಪಾದದ ತುರಿಕೆಗೆ ಪರಿಸರದ ಅಲರ್ಜಿ ಕಾರಣವೆಂದು ವೈದ್ಯರು ತೀರ್ಮಾನಿಸಿ, ಮಳೆಗಾಲಕ್ಕೆ ತುರಿಕೆ ತಗ್ಗಿಸುವ ಓಕ್ಲಾಸಿಟಿನಿಬ್ ಮಾತ್ರೆ ಬರೆದಿದ್ದಾರೆ. ಎರಡೂ ಬಗೆಯ ಅಲರ್ಜಿ ಒಂದೇ ನಾಯಿಗೆ ಇರುವುದು ಅಪರೂಪವೇನಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಕಾಳುಗಳ ರುಚಿಗೆ ಕರಿಯ ತಕರಾರು ಎತ್ತಲಿಲ್ಲ, ಆದರೆ ಲ್ಯಾಬ್ರಡಾರ್‌ನ ಸಾಕ್ಷ್ಯವನ್ನು ಈ ವಿಷಯದಲ್ಲಿ ಯಾವ ನ್ಯಾಯಾಲಯವೂ ಒಪ್ಪಲಾರದು. ಹಳೆಯ ಆಹಾರದಿಂದ ಒಂದು ವಾರದಲ್ಲಿ ಹಂತಹಂತವಾಗಿ ಬದಲಾಯಿಸಿ. ಎಂಟು ವಾರದ ಲೆಕ್ಕ ಪೂರ್ತಿ ಬದಲಾದ ದಿನದಿಂದ ಆರಂಭ. ಮೊದಲು 2 ಕೆ.ಜಿ. ಚೀಲ ತಂದು ಹೊಟ್ಟೆಗೆ ಒಗ್ಗುತ್ತದೆಯೇ ನೋಡಿ, ಆಮೇಲೆ ದೊಡ್ಡದಕ್ಕೆ ಹೋಗಿ. ಆನ್‌ಲೈನ್ ಮಾರಾಟಗಾರರೊಬ್ಬರು ನಮಗೆ ಅವಧಿ ಮುಗಿಯಲು ಸ್ವಲ್ಪವೇ ಕಾಲವಿದ್ದ ಚೀಲವನ್ನು ಕಳಿಸಿ, ವಾಪಸು ಪಡೆಯಲು ನಿರಾಕರಿಸಿದರು. ಅಂದಿನಿಂದ ವೈದ್ಯರ ಬಳಿಯ ಅಂಗಡಿಯಲ್ಲೇ ದಿನಾಂಕ ನೋಡಿ ತರುತ್ತೇವೆ. ನಮ್ಮಂಥ ತೇವದ ಊರಿನಲ್ಲಿ ಚೀಲವನ್ನು ಹಾಗೆಯೇ ಗಾಳಿಯಾಡದ ಡಬ್ಬಿಯೊಳಗೆ ಇಡಬೇಕು, ಇಲ್ಲವಾದರೆ ಕಾಳು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ, ಅಲರ್ಜಿಯ ನಾಯಿಗೆ ಅದು ಇನ್ನೊಂದು ಕಾಟ.

ಗೋಧಿಯನ್ನು ಇನ್ನೂ ಪರೀಕ್ಷಿಸಿಲ್ಲ. ಮಳೆಗಾಲದಲ್ಲಿ ಮಾಡಿದರೆ ತುರಿಕೆ ಬೂಷ್ಟಿನದೋ ಚಪಾತಿಯದೋ ತಿಳಿಯುವುದಿಲ್ಲವಾದ್ದರಿಂದ, ಜನವರಿಯಲ್ಲಿ ಓಕ್ಲಾಸಿಟಿನಿಬ್ ನಿಲ್ಲಿಸಿದ ಮೇಲೆ ಕೊಟ್ಟು ನೋಡುವುದೆಂದು ವೈದ್ಯರೊಂದಿಗೆ ಮಾತಾಗಿದೆ. ಅಲ್ಲಿಯವರೆಗೆ ಇನ್ನೊಂದು ಚೀಲ ಬೇಕಾಗುತ್ತದೆ.