ಮನೆಯಲ್ಲಿ ಇಂಗ್ಲಿಷ್: ಚಿತ್ರಪುಸ್ತಕವೋ, ರೈಮ್ಸ್ ವಿಡಿಯೋವೋ?

ಎಲ್‌ಕೆಜಿ ಮಗುವಿಗೆ ಮನೆಯಲ್ಲಿ ಇಂಗ್ಲಿಷ್ ಕಲಿಸಲು ಯಾವುದು ಸರಿ ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ಅಂಥ ವ್ಯತ್ಯಾಸವಿಲ್ಲ. ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕಥೆಗಳು ಪುಕ್ಕಟೆ ಸಿಗುತ್ತವೆ, ಎಷ್ಟೋ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇವೆ.

ಸಮಯ ನೋಡಿದರೆ ವಿಡಿಯೋ ಸಲೀಸು, ನೀವು ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಎರಡು ಹಾಡು ಮುಗಿದಿರುತ್ತೆ. ಆದರೆ 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಮಾತು ಹೊರಡೋದಕ್ಕೆ ಮಾತ್ರ ನನಗೆ ಪುಸ್ತಕವೇ ಮೇಲು. ಚಿತ್ರದ ಮೇಲೆ ಬೆರಳಿಟ್ಟು ‘ವೇರ್ ಈಸ್ ದ ಕ್ಯಾಟ್?’ ಅಂದರೆ ಮಗು ‘ಮಂಚದ ಕೆಳಗೆ’ ಅನ್ನುತ್ತೆ, ನೀವು ‘ಯೆಸ್, ಅಂಡರ್ ದ ಬೆಡ್’ ಅಂತೀರಿ, ನಾಲ್ಕೈದು ರಾತ್ರಿ ಕಳೆದ ಮೇಲೆ ಅದೇ ‘ಅಂಡರ್!’ ಅಂತ ಕೂಗುತ್ತೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ದಯವಿಟ್ಟು ತಡೆಯಬೇಡಿ, ಪ್ರಶ್ನೆ ಅರ್ಥ ಆಗಿದೆ ಅಂತ ತಾನೇ?

ನಿಮ್ಮ ಉಚ್ಚಾರಣೆ ಬಗ್ಗೆ ಅಳುಕಿದ್ದರೆ ವಿಡಿಯೋ ಹಾಕಿ, ಆದರೆ ಪಕ್ಕದಲ್ಲೇ ಕೂತು ಜೊತೆಗೆ ಹಾಡಿ. ಮಲಗಿಸುವ ಮುಂಚೆ ಹತ್ತು ನಿಮಿಷ ಸಿಗುತ್ತೆ ಅನ್ನುವವರಿಗೆ ಪುಸ್ತಕ. ಇಬ್ಬರೂ ಕೆಲಸದಿಂದ ತಡವಾಗಿ ಬರುವ ಮನೆಯಾದರೆ ವಾರದ ದಿನ ಹಾಡು, ಭಾನುವಾರ ಕಥೆ.